ತೀರಿಹೋದ ಗೆಳೆಯನಿಗಾಗಿ ಇನ್ನೇನು ಮಾಡಬಹುದು?

ಪ್ರಶ್ನೆ: ನನ್ನ ಜೀವದ ಗೆಳೆಯ ಕೆಲವು ತಿಂಗಳ ಹಿಂದೆ ಹೃದಯಾಘಾತದಿಂದ ತೀರಿಕೊಂಡ. ಇಬ್ಬರೂ ಕಥೋಲಿಕರು. ಚಿಕ್ಕವರಿದ್ದಾಗ ಚರ್ಚಿನ ಪೂಜೆಯಲ್ಲಿ ಗುರುಗಳಿಗೆ (ಪಾದ್ರಿಗಳಿಗೆ) ಒಟ್ಟಿಗೆ ಸಹಾಯ ಮಾಡುತ್ತಿದ್ದೆವು. ದೊಡ್ಡವನಾದ ಮೇಲೆ ಅವನು ಚರ್ಚಿಗೆ ಹೋಗುವುದನ್ನೇ ಬಿಟ್ಟ. ನಾವು ಕೊನೆಯ ಸಲ ಮಾತಾಡಿದ್ದೂ ಇದೇ ವಿಷಯಕ್ಕೆ. ನಾನು ಸ್ವಲ್ಪ ಬಿರುಸಾಗಿಯೇ ಮಾತಾಡಿಬಿಟ್ಟೆ. ಗುರುಗಳ ಮುಂದೆ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆ ಅವನಿಗೆ ಆಗಲಿಲ್ಲ. ಗುರುಗಳು ಆಸ್ಪತ್ರೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯವರು ದೇಹವನ್ನು ದಹನ ಮಾಡಿದರು. ಅವನ ಆತ್ಮದ ಗತಿ ಏನು? ನಾನು ಅತ್ತರೆ ‘ನಿನಗೆ ವಿಶ್ವಾಸ ಸಾಲದು’ ಅನ್ನುತ್ತಾರೆ. ಮನಸ್ಸಿನಲ್ಲೇ ಅವನ ಜೊತೆ ಮಾತಾಡುತ್ತೇನೆ, ಅದು ತಪ್ಪಾ? ಅವನ ತಾಯಿ ಈಗ ಪ್ರಾರ್ಥನೆಯನ್ನೇ ನಿಲ್ಲಿಸಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ನೀವು ಕೇಳಿರುವುದು ಹಲವು ಪ್ರಶ್ನೆ. ಆದರೆ ಎಲ್ಲದರ ಅಡಿಯಲ್ಲಿ ಇರುವುದು ಒಂದೇ ಅಂತ ನನಗನಿಸುತ್ತದೆ. ಅವನಿಗಾಗಿ ನಾನು ಇನ್ನೂ ಏನಾದರೂ ಮಾಡಬಹುದಾ, ಇಲ್ಲ ಎಲ್ಲ ಕೈಮೀರಿ ಹೋಯಿತಾ? ಕಥೋಲಿಕ ವಿಶ್ವಾಸ ಇದಕ್ಕೆ ಕೊಡುವ ಉತ್ತರ ನೇರವಾಗಿದೆ. ಮಾಡಬಹುದು. ಗೆಳೆಯರಾಗಿ ನಿಮ್ಮ ಕೆಲಸ ಇನ್ನೂ ಮುಗಿದಿಲ್ಲ. ಅದು ಹೇಗೆ ಅಂತ ಬರೆಯುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ಮೊದಲು ಅಳುವಿನ ವಿಷಯ. ಅಳಿ. ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯ ತೆಗೆದು ನೋಡಿ. ಯೇಸುವಿನ ಗೆಳೆಯ ಲಾಜರ ಸತ್ತು ನಾಲ್ಕು ದಿನ ಆಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಸಮಾಧಿಯಿಂದ ಎಬ್ಬಿಸುತ್ತೇನೆ ಅನ್ನುವುದು ಯೇಸುಸ್ವಾಮಿಗೆ ಗೊತ್ತಿತ್ತು. ಆದರೂ ಅತ್ತರು. ನೋಡಿದವರು ‘ಅವನ ಮೇಲೆ ಇವರಿಗೆ ಎಷ್ಟು ಪ್ರೀತಿ ಇತ್ತು’ ಅಂದರೇ ಹೊರತು, ವಿಶ್ವಾಸ ಸಾಲದು ಅನ್ನಲಿಲ್ಲ. ಸಂತ ಪೌಲ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ, ನಿರೀಕ್ಷೆಯೇ ಇಲ್ಲದವರ ಹಾಗೆ ದುಃಖಪಡಬೇಡಿ ಅನ್ನುತ್ತಾನೆ. ದುಃಖವನ್ನೇ ಪಡಬೇಡಿ ಅಂತ ಎಲ್ಲೂ ಹೇಳಿಲ್ಲ. ಹಾಗಾಗಿ ನಿಮಗೆ ಆ ಮಾತು ಹೇಳಿದವರು ಧರ್ಮಸಭೆಯ (ಕಥೋಲಿಕ ಚರ್ಚಿನ) ಪರವಾಗಿ ಮಾತಾಡುತ್ತಿಲ್ಲ. ಅವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇನ್ನು ಆ ಕೊನೆಯ ಮಾತುಕತೆ. ಇದು ನಿಮ್ಮನ್ನು ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿದೆ ಅಂತ ನೀವು ಬರೆದ ರೀತಿಯಲ್ಲೇ ಗೊತ್ತಾಗುತ್ತದೆ. ನಿಮ್ಮ ಹಾಗೆಯೇ ಸಿಕ್ಕಿಹಾಕಿಕೊಂಡ ಒಬ್ಬರು ಇದ್ದರು, ಸಂತ ಅಗಸ್ಟೀನ್. ಸುಮಾರು 397ರ ಹೊತ್ತಿಗೆ ಬರೆಯಲು ಶುರುಮಾಡಿದ ತಮ್ಮ ಆತ್ಮಕಥೆಯ ನಾಲ್ಕನೇ ಭಾಗದಲ್ಲಿ ಅವರು ಇದನ್ನು ಹೇಳಿಕೊಂಡಿದ್ದಾರೆ. ಉತ್ತರ ಆಫ್ರಿಕಾದ ತಗಾಸ್ತೆ ಅವರ ಊರು. ಅಲ್ಲಿ ಅವರದೇ ವಯಸ್ಸಿನ ಒಬ್ಬ ಗೆಳೆಯ, ಜೊತೆಯಲ್ಲೇ ಓದಿ ಆಡಿ ಬೆಳೆದವನು. ಆಗ ಅಗಸ್ಟೀನ್ ಕ್ರೈಸ್ತರಾಗಿರಲಿಲ್ಲ. ಗೆಳೆಯನನ್ನೂ ತಮ್ಮ ದಾರಿಗೆ ಎಳೆದುಕೊಂಡಿದ್ದರು. ಅವನಿಗೆ ಜೋರು ಜ್ವರ ಬಂತು, ಪ್ರಜ್ಞೆ ತಪ್ಪಿತು. ಬದುಕುವುದಿಲ್ಲ ಅಂದುಕೊಂಡು ಪ್ರಜ್ಞೆ ಇಲ್ಲದಾಗಲೇ ದೀಕ್ಷಾಸ್ನಾನ ಕೊಟ್ಟರು. ಸ್ವಲ್ಪ ಚೇತರಿಸಿಕೊಂಡಾಗ ಅಗಸ್ಟೀನ್ ಅದನ್ನೇ ಹಿಡಿದು ತಮಾಷೆ ಮಾಡಿದರು, ಅವನೂ ನಗುತ್ತಾನೆ ಅಂದುಕೊಂಡರು. ಅವನು ನಗಲಿಲ್ಲ. ಶತ್ರುವನ್ನು ನೋಡಿದ ಹಾಗೆ ನೋಡಿ, ನನ್ನ ಗೆಳೆಯನಾಗಿ ಇರಬೇಕಾದರೆ ಇಂಥ ಮಾತು ನಿಲ್ಲಿಸು ಅಂದ. ಅಗಸ್ಟೀನ್ ದಂಗಾಗಿ ಹೋದರು. ಸರಿ, ಇವನು ಪೂರ್ತಿ ಗುಣವಾಗಲಿ, ಆಮೇಲೆ ಮಾತಾಡೋಣ ಅಂತ ಸುಮ್ಮನಾದರು. ಕೆಲವೇ ದಿನಗಳಲ್ಲಿ ಜ್ವರ ಮರುಕಳಿಸಿತು. ಅವನು ಸತ್ತಾಗ ಇವರು ಹತ್ತಿರ ಕೂಡ ಇರಲಿಲ್ಲ.

ಆಮೇಲಿನ ಪುಟಗಳನ್ನು ನೀವು ಒಮ್ಮೆ ಓದಬೇಕು. ಮನೆ, ಊರು, ಇಬ್ಬರೂ ಓಡಾಡಿದ ಜಾಗ, ಯಾವುದನ್ನು ನೋಡಿದರೂ ಹಿಂಸೆ. ಕಣ್ಣು ಎಲ್ಲ ಕಡೆ ಅವನನ್ನೇ ಹುಡುಕುತ್ತದೆ, ಎಲ್ಲೂ ಇಲ್ಲ. ಕೊನೆಗೆ ಆ ಊರನ್ನೇ ಬಿಟ್ಟು ಕಾರ್ಥೇಜಿಗೆ ಹೋಗಿಬಿಟ್ಟರು. ಇಪ್ಪತ್ತು ವರ್ಷ ಕಳೆದ ಮೇಲೆ, ಬಿಷಪ್ ಆಗಿ ಕೂತು ಬರೆಯುವಾಗಲೂ ಆ ಗೆಳೆಯನ ಹೆಸರನ್ನು ಅವರು ಬರೆಯಲಿಲ್ಲ. ಆದರೆ ಅಷ್ಟು ಹೊತ್ತಿಗೆ ಅವರಿಗೆ ಒಂದು ತಿಳಿದಿತ್ತು. ಗೆಳೆಯನನ್ನು ದೇವರಲ್ಲಿ ಪ್ರೀತಿಸುವವನು ಗೆಳೆಯನನ್ನು ಕಳೆದುಕೊಳ್ಳುವುದಿಲ್ಲ, ಯಾಕೆಂದರೆ ಆ ದೇವರು ಕಳೆದುಹೋಗುವವನಲ್ಲ. ನಾನು ದೇವಶಾಸ್ತ್ರ ಕಲಿಸುವಾಗ ಮೃತರ ವಿಷಯ ಬಂದಾಗಲೆಲ್ಲ ಇಲ್ಲಿಂದಲೇ ಶುರುಮಾಡುವುದು. ನಿಯಮ, ಸಿದ್ಧಾಂತ ಎಲ್ಲ ಆಮೇಲೆ.

ಹಾಗಾದರೆ ಅರ್ಧಕ್ಕೆ ನಿಂತ ಆ ಜಗಳಕ್ಕೆ ಏನು ಮಾಡುವುದು? ಪೋಪ್ ಹದಿನಾರನೇ ಬೆನೆಡಿಕ್ಟ್ 2007ರಲ್ಲಿ ನಿರೀಕ್ಷೆಯ ಬಗ್ಗೆ ಬರೆದ ಪರಿಪತ್ರದಲ್ಲಿ ಇದೇ ವಿಷಯ ಇದೆ. ತೀರಿಹೋದವರಿಗೆ ಒಂದು ಪ್ರೀತಿಯ ಗುರುತನ್ನೋ, ಒಂದು ಕೃತಜ್ಞತೆಯನ್ನೋ, ಕ್ಷಮಿಸು ಅನ್ನುವ ಬೇಡಿಕೆಯನ್ನೋ ತಲುಪಿಸಬೇಕು ಅಂತ ಯಾರಿಗೆ ಅನ್ನಿಸುವುದಿಲ್ಲ ಅಂತ ಅವರು ಕೇಳುತ್ತಾರೆ. ಅದು ತಲುಪುತ್ತದೆ ಅನ್ನುವುದೇ ಅವರ ಉತ್ತರ. ಇನ್ನೊಬ್ಬರ ಹೃದಯವನ್ನು ಮುಟ್ಟಲು ತಡವಾಯಿತು ಅನ್ನುವುದು ಯಾವತ್ತೂ ಇಲ್ಲ ಅಂತಾರೆ. ಆದ್ದರಿಂದ ನೀವು ಅವನಲ್ಲಿ ಕ್ಷಮೆ ಕೇಳಿ. ದೇವರ ಮುಂದೆ ಕೂತು, ಅವನ ಹೆಸರು ಹಿಡಿದು ಕೇಳಿ. ಮನಸ್ಸು ಇನ್ನೂ ಭಾರವಾಗಿದ್ದರೆ ಗುರುಗಳ ಹತ್ತಿರ ಪಾಪನಿವೇದನೆಯಲ್ಲಿ ಅದನ್ನು ಹೇಳಿಕೊಳ್ಳಿ. ಕಾಳಜಿಯಿಂದ ಆಡಿದ ಬಿರುಸು ಮಾತು ಗೆಳೆತನವನ್ನು ರದ್ದು ಮಾಡುವಷ್ಟು ದೊಡ್ಡದಲ್ಲ. ಆದರೂ ಹೇಳಿಕೊಂಡರೆ ಹಗುರವಾಗುತ್ತದೆ, ಅದಕ್ಕೇ ಆ ಸಂಸ್ಕಾರ ಇರುವುದು.

ಅವನ ಆತ್ಮದ ಗತಿ ಏನು ಅಂತ ಕೇಳಿದಿರಿ. ಇದಕ್ಕೆ ತೀರ್ಪು ಕೊಡುವ ಅಧಿಕಾರ ನನಗಿಲ್ಲ, ನಿಮಗಿಲ್ಲ, ಗುರುಗಳಿಗೂ ಇಲ್ಲ. ಧರ್ಮಸಭೆ ಎಷ್ಟೋ ಜನರನ್ನು ಸಂತರೆಂದು ಘೋಷಿಸಿದೆ. ಆದರೆ ಇಂಥವನು ನರಕದಲ್ಲಿದ್ದಾನೆ ಅಂತ ಒಬ್ಬರ ಬಗ್ಗೆಯೂ ಇವತ್ತಿನವರೆಗೆ ಘೋಷಿಸಿಲ್ಲ. ಪೂಜೆಗೆ ಹೋಗುವುದನ್ನು ಬಿಡುವುದು ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. ಭಾನುವಾರದ ಪೂಜೆ ನಮಗೆ ಕಡ್ಡಾಯ, ಅದು ನಿಮಗೂ ಗೊತ್ತು. ಆದರೆ ಅವನು ಯಾಕೆ ಬಿಟ್ಟ, ಒಳಗೆ ಏನು ನೋವಿತ್ತು, ಕೊನೆಯ ಗಳಿಗೆಯಲ್ಲಿ ದೇವರಿಗೂ ಅವನಿಗೂ ನಡುವೆ ಏನು ನಡೆಯಿತು, ಇದು ಹೊರಗಿನವರಿಗೆ ಕಾಣುವುದಿಲ್ಲ. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ ಸಿಕ್ಕಿದ್ದು ಎಷ್ಟು ಹೊತ್ತು? ಒಂದು ವಾಕ್ಯ ಹೇಳುವಷ್ಟು. ಅಷ್ಟೇ ಸಾಕಾಯಿತು.

ಬಲಿಪೂಜೆಯ ನಾಲ್ಕನೇ ಪರಮಪ್ರಸಾದ ಪ್ರಾರ್ಥನೆಯನ್ನು ಗಮನವಿಟ್ಟು ಕೇಳಿದ್ದೀರಾ? ಕ್ರಿಸ್ತನ ಶಾಂತಿಯಲ್ಲಿ ಮಡಿದವರನ್ನು ನೆನೆದ ಮೇಲೆ ಗುರುಗಳು ಅಲ್ಲಿಗೇ ನಿಲ್ಲಿಸುವುದಿಲ್ಲ. ಯಾರ ವಿಶ್ವಾಸ ದೇವರಿಗೆ ಮಾತ್ರ ಗೊತ್ತೋ ಆ ಎಲ್ಲ ಮೃತರನ್ನೂ ನೆನೆಯುತ್ತಾರೆ. ನಿಮ್ಮ ಗೆಳೆಯನಿಗೆ ಅಲ್ಲಿ ಜಾಗ ಇದೆ. ಆ ಪ್ರಾರ್ಥನೆ ಮಾಡಿದಾಗಲೆಲ್ಲ ಅವನೂ ಅದರೊಳಗೆ ಬರುತ್ತಾನೆ.

ಇದು ಹೊಸ ಕಾಲದ ಮೃದು ಧೋರಣೆ ಅಂತ ಕೆಲವರು ಹೇಳಬಹುದು. ಅಲ್ಲ. ಮಕ್ಕಬಿಯರ ಎರಡನೇ ಗ್ರಂಥದ 12ನೇ ಅಧ್ಯಾಯ ನೋಡಿ. ಯುದ್ಧದಲ್ಲಿ ಸತ್ತ ಯೆಹೂದ್ಯ ಸೈನಿಕರನ್ನು ಹೂಳಲು ಹೋದಾಗ, ಅವರ ಬಟ್ಟೆಯೊಳಗೆ ಬೇರೆ ದೇವರ ತಾಯಿತಗಳು ಸಿಕ್ಕವು. ಅಂದರೆ ಧರ್ಮಶಾಸ್ತ್ರಕ್ಕೆ ವಿರುದ್ಧವಾದ ತಪ್ಪು, ಅದೂ ಸಾಯುವಾಗ ಮೈಮೇಲೇ ಇತ್ತು. ಅವರ ನಾಯಕ ಯೂದ ಮಕ್ಕಬಿ ಏನು ಮಾಡಿದ? ಇವರು ಹಾಳಾಗಿ ಹೋದರು ಅಂತ ಕೈಬಿಡಲಿಲ್ಲ. 2,000 ಬೆಳ್ಳಿ ನಾಣ್ಯ ಕೂಡಿಸಿ, ಅವರ ಪಾಪಪರಿಹಾರಕ್ಕೆ ಬಲಿ ಅರ್ಪಿಸಲು ಜೆರುಸಲೇಮಿಗೆ ಕಳಿಸಿದ. ಸತ್ತವರು ಮತ್ತೆ ಏಳುತ್ತಾರೆ ಅನ್ನುವ ನಂಬಿಕೆ ಇಲ್ಲದಿದ್ದರೆ ಅವರಿಗಾಗಿ ಪ್ರಾರ್ಥಿಸುವುದೇ ವ್ಯರ್ಥ ಆಗುತ್ತಿತ್ತು ಅಂತ ಆ ಗ್ರಂಥ ಹೇಳುತ್ತದೆ. ಮೃತರಿಗಾಗಿ ನಾವು ಮಾಡುವ ಪ್ರಾರ್ಥನೆಯ ಬೇರು ಇಲ್ಲಿದೆ. ಆ ಪ್ರಾರ್ಥನೆ ಶುರುವಾಗಿದ್ದೇ ತಪ್ಪು ಮಾಡಿ ಸತ್ತವರಿಗಾಗಿ.

ಇಲ್ಲಿ ಶುದ್ಧೀಕರಣ ಸ್ಥಳದ ಮಾತು ಬರಲೇಬೇಕು. ಚಿಕ್ಕಂದಿನಲ್ಲಿ ನಮಗೆ ಹೇಳಿಕೊಟ್ಟ ಚಿತ್ರ ಬೆಂಕಿ, ಚೀರಾಟ, ವರ್ಷಗಳ ಲೆಕ್ಕ. ಆ ಭಯವೇ ಈಗ ನಿಮ್ಮನ್ನು ಹಿಂಡುತ್ತಿದೆ ಅಂತ ಕಾಣುತ್ತದೆ. ಬಿಷಪ್ಪರೆಲ್ಲ ಸೇರಿದ ಎರಡು ಮಹಾಸಭೆಗಳು, 1439ರ ಫ್ಲಾರೆನ್ಸ್ ಸಭೆ ಮತ್ತು 1563ರಲ್ಲಿ ಮುಗಿದ ಟ್ರೆಂಟ್ ಸಭೆ, ನಿಜವಾಗಿ ಬೋಧಿಸಿದ್ದು ಬಹಳ ಕಡಿಮೆ. ದೇವರ ಸ್ನೇಹದಲ್ಲಿ ಸತ್ತರೂ ಪೂರ್ತಿ ಶುದ್ಧರಾಗದವರಿಗೆ ಒಂದು ಶುದ್ಧೀಕರಣ ಇದೆ. ನಮ್ಮ ಪ್ರಾರ್ಥನೆಯಿಂದ, ಅದರಲ್ಲೂ ಬಲಿಪೂಜೆಯಿಂದ, ಅವರಿಗೆ ಸಹಾಯವಾಗುತ್ತದೆ. ಅಷ್ಟೇ. ಕುತೂಹಲದ ಕಥೆ, ಮೂಢನಂಬಿಕೆ, ದುಡ್ಡಿನ ಆಸೆ ಇವನ್ನೆಲ್ಲ ಇದರಿಂದ ದೂರ ಇಡಿ ಅಂತ ಟ್ರೆಂಟ್ ಸಭೆಯೇ ಬಿಷಪ್ಪರಿಗೆ ಹೇಳಿತು. ಶುದ್ಧೀಕರಣ ಅನ್ನುವುದು ಒಂದು ಜಾಗ ಅಲ್ಲ, ಒಂದು ಸ್ಥಿತಿ ಅಂತ ಪೋಪ್ ಎರಡನೇ ಜಾನ್ ಪಾಲ್ 1999ರಲ್ಲಿ ವಿವರಿಸಿದರು. ಆ ಸುಡುವ ಬೆಂಕಿ ಕ್ರಿಸ್ತರೇ, ಅವರನ್ನು ಎದುರುಗೊಳ್ಳುವುದೇ ಆ ಶುದ್ಧೀಕರಣ ಅನ್ನುವ ದೇವಶಾಸ್ತ್ರಜ್ಞರ ಮಾತನ್ನು ಬೆನೆಡಿಕ್ಟ್ ಎತ್ತಿಕೊಂಡರು. ಅದಕ್ಕೆ ನಮ್ಮ ಗಡಿಯಾರದ ಲೆಕ್ಕ ಹಿಡಿಯುವುದಿಲ್ಲ ಅಂದರು. ತಪ್ಪು ಮಾಡಿ ಬಂದ ಮಗನನ್ನು ಅಮ್ಮ ಬೈಯದೆ ತಬ್ಬಿಕೊಂಡಾಗ ಒಳಗೆ ಒಂದು ಉರಿ ಏಳುತ್ತದಲ್ಲ, ಅದನ್ನು ನೆನೆಸಿಕೊಳ್ಳಿ. ನೋವು ಇದೆ, ಆದರೆ ತಬ್ಬಿಕೊಂಡ ಕೈಯೊಳಗೇ ಇದೆ.

ಈಗ ನೀವು ಏನು ಮಾಡಬಹುದು ಅನ್ನುವುದಕ್ಕೆ ಬರೋಣ.

ಅವನ ಹೆಸರಲ್ಲಿ ಪೂಜೆ ಹೇಳಿಸಿ. ಚರ್ಚ್ ಬಿಟ್ಟವನಿಗೆ ಪೂಜೆ ಹೇಳಿಸಬಹುದಾ ಅಂತ ಹಿಂಜರಿಯಬೇಡಿ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 901ನೇ ನಿಯಮದ ಪ್ರಕಾರ, ಬದುಕಿರುವವರಾಗಲಿ ಸತ್ತವರಾಗಲಿ, ಯಾರಿಗಾಗಿ ಬೇಕಾದರೂ ಪೂಜೆ ಅರ್ಪಿಸಲು ಗುರುಗಳಿಗೆ ಸ್ವಾತಂತ್ರ್ಯ ಇದೆ. ಯಾರಿಗಾಗಿ ಬೇಕಾದರೂ. ಕಾಣಿಕೆ ಕೊಡಲು ಕಷ್ಟ ಇರುವವರ ಬೇಡಿಕೆಗೂ, ಕಾಣಿಕೆ ಇಲ್ಲದಿದ್ದರೂ, ಪೂಜೆ ಅರ್ಪಿಸಿ ಅಂತ ಅದೇ ಸಂಹಿತೆಯ 945ನೇ ನಿಯಮ ಗುರುಗಳಿಗೆ ಒತ್ತಿ ಹೇಳುತ್ತದೆ. ಅಂತ್ಯವಿಧಿ ಯಾರಿಗೆ ಇಲ್ಲ ಅನ್ನುವುದು 1184ನೇ ನಿಯಮದಲ್ಲಿದೆ. ವಿಶ್ವಾಸವನ್ನು ಬಹಿರಂಗವಾಗಿ ತೊರೆದವರು, ಜನರ ವಿಶ್ವಾಸಕ್ಕೆ ಧಕ್ಕೆಯಾಗುವಂತೆ ಎದ್ದುಕಾಣುವ ಪಾಪದಲ್ಲಿ ಬದುಕಿದವರು, ಹೀಗೆ ಕೆಲವರು ಮಾತ್ರ. ಅವರೂ ಸಾಯುವ ಮುಂಚೆ ಪಶ್ಚಾತ್ತಾಪದ ಸುಳಿವು ತೋರಿಸಿದ್ದರೆ ಆ ತಡೆ ಇಲ್ಲ. ‘ಚರ್ಚಿಗೆ ಬರುತ್ತಿರಲಿಲ್ಲ’ ಅನ್ನುವುದು ಆ ಪಟ್ಟಿಯಲ್ಲೇ ಇಲ್ಲ.

ಪೂಜೆ ಯಾಕೆ ಇಷ್ಟು ಮುಖ್ಯ ಅನ್ನುವುದಕ್ಕೆ ಮತ್ತೆ ಅಗಸ್ಟೀನರ ಮನೆಗೇ ಹೋಗಬೇಕು. ಅವರ ತಾಯಿ ಮೋನಿಕ 387ರಲ್ಲಿ ಇಟಲಿಯ ಓಸ್ತಿಯಾದಲ್ಲಿ ಸಾಯುವ ಹೊತ್ತು. ಊರಿಗೆ ಕರೆದುಕೊಂಡು ಹೋಗಿ ಅಲ್ಲೇ ಮಣ್ಣುಮಾಡುವಂತಿದ್ದರೆ ಚೆನ್ನಾಗಿತ್ತು ಅಂತ ಇನ್ನೊಬ್ಬ ಮಗ ಪೇಚಾಡುತ್ತಿದ್ದ. ಆ ತಾಯಿ, ಈ ದೇಹವನ್ನು ಎಲ್ಲಾದರೂ ಹೂಳಿ, ಅದರ ಚಿಂತೆ ಬೇಡ, ನೀವು ಎಲ್ಲೇ ಇದ್ದರೂ ದೇವರ ಬಲಿಪೀಠದ ಹತ್ತಿರ ನನ್ನನ್ನು ನೆನೆಸಿಕೊಳ್ಳಿ, ಅಷ್ಟು ಸಾಕು ಅಂದಳು. ನಿಮ್ಮ ಗೆಳೆಯ ಚಿಕ್ಕಂದಿನಲ್ಲಿ ನಿಮ್ಮ ಪಕ್ಕದಲ್ಲೇ ನಿಂತಿದ್ದು ಅದೇ ಪೀಠದ ಹತ್ತಿರ ಅಲ್ವಾ? ಅವನನ್ನು ನೆನೆಯಲು ಅದಕ್ಕಿಂತ ಸರಿಯಾದ ಜಾಗ ನನಗೆ ತೋಚುವುದಿಲ್ಲ.

ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ. ಕ್ಲೂನಿ ಮಠದ ಮುಖ್ಯಸ್ಥ ಸಂತ ಓದಿಲೋ ಸುಮಾರು ಸಾವಿರ ವರ್ಷದ ಹಿಂದೆ ತಮ್ಮ ಮಠಗಳಲ್ಲಿ ಶುರುಮಾಡಿದ ಆಚರಣೆ ಅದು, ಆಮೇಲೆ ಎಲ್ಲ ಕಡೆ ಹಬ್ಬಿತು. ನವೆಂಬರ್ 1ರಿಂದ 8ರವರೆಗೆ ಸ್ಮಶಾನಕ್ಕೆ ಹೋಗಿ, ಬಾಯಿಬಿಟ್ಟು ಅಲ್ಲದಿದ್ದರೂ ಮನಸ್ಸಿನಲ್ಲೇ ಮೃತರಿಗಾಗಿ ಪ್ರಾರ್ಥಿಸಿದರೆ, ಪಾಪನಿವೇದನೆ, ಪರಮಪ್ರಸಾದ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ ಮುಂತಾದ ಷರತ್ತುಗಳೊಂದಿಗೆ ಪೂರ್ಣ ದಂಡವಿಮೋಚನೆ, ಅಂದರೆ ಕ್ಷಮೆಯಾದ ಪಾಪಗಳಿಗೂ ಉಳಿದಿರುವ ಶಿಕ್ಷೆಯಿಂದ ಪೂರ್ತಿ ಬಿಡುಗಡೆ, ಸಿಗುತ್ತದೆ. ಅದನ್ನು ನಿಮಗಾಗಿ ಇಟ್ಟುಕೊಳ್ಳುವಂತಿಲ್ಲ. ಮೃತರಿಗೆ ಮಾತ್ರ ಅರ್ಪಿಸಬೇಕು. ಪಾಪನಿವೇದನೆಯನ್ನು ಹೇಗೂ ಮಾಡುವವರಿದ್ದೀರಿ, ಇದನ್ನೂ ಸೇರಿಸಿಕೊಳ್ಳಿ.

ದಾನಧರ್ಮವೂ ಲೆಕ್ಕಕ್ಕೆ ಬರುತ್ತದೆ. ಅವನಿಗೆ ಇಷ್ಟವಾಗಿದ್ದ ಒಂದು ಒಳ್ಳೆ ಕೆಲಸ, ಅವನು ಅರ್ಧಕ್ಕೆ ಬಿಟ್ಟಿದ್ದು ಏನಾದರೂ ಇದ್ದರೆ ಅದನ್ನು ಎತ್ತಿಕೊಳ್ಳಿ. ಅವನ ಮೇಲೆ ಯಾರಿಗಾದರೂ ಕೋಪ ಇದ್ದರೆ ಹೋಗಿ ಅವನ ಪರವಾಗಿ ಕ್ಷಮೆ ಕೇಳಿ. ಇದನ್ನೆಲ್ಲ ಗೆಳೆಯನಿಗಿಂತ ಚೆನ್ನಾಗಿ ಯಾರು ಮಾಡಬಲ್ಲರು?

ಗುರುಗಳು ತಡವಾಗಿ ಬಂದಿದ್ದಕ್ಕೂ ಒಂದು ಮಾತು. ಎಣ್ಣೆ ಹಚ್ಚಿ ಕೊಡುವ ಆ ಸಂಸ್ಕಾರ ರೋಗಿಗಳಿಗೆ, ಬದುಕಿರುವವರಿಗೆ. ಜೀವ ಹೋಗಿದೆಯೋ ಇಲ್ಲವೋ ಅನ್ನುವ ಅನುಮಾನ ಇದ್ದರೂ ಕೊಡಬಹುದು, ಖಚಿತವಾಗಿ ಹೋಗಿದ್ದರೆ ಪ್ರಾರ್ಥನೆ ಮಾತ್ರ. ಅದು ಸಿಗಲಿಲ್ಲ ಅಂದಮಾತ್ರಕ್ಕೆ ದೇವರ ಕೈ ಕಟ್ಟಿಹೋಗುವುದಿಲ್ಲ. ದೇವರು ನಮ್ಮ ರಕ್ಷಣೆಯನ್ನು ಸಂಸ್ಕಾರಗಳಿಗೆ ಜೋಡಿಸಿದ್ದಾನೆ, ಆದರೆ ಅವನು ಆ ಸಂಸ್ಕಾರಗಳಿಗೆ ಕಟ್ಟುಬಿದ್ದಿಲ್ಲ ಅನ್ನುವುದು ಧರ್ಮಸಭೆಯ ಬೋಧನೆ. ಆತ್ಮಹತ್ಯೆ ಮಾಡಿಕೊಂಡವರ ವಿಷಯದಲ್ಲೂ, ತನಗೆ ಮಾತ್ರ ಗೊತ್ತಿರುವ ದಾರಿಯಲ್ಲಿ ದೇವರು ಪಶ್ಚಾತ್ತಾಪದ ಅವಕಾಶ ಕೊಡಬಲ್ಲ, ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಅಂತ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿದೆ. ಇದು ನಿಮ್ಮ ಗೆಳೆಯನ ವಿಷಯ ಅಲ್ಲ, ಆದರೆ ಓದುವ ಇನ್ಯಾರಿಗೋ ಬೇಕಾಗಬಹುದು ಅಂತ ಬರೆದೆ.

ದಹನದ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. 1963ರಿಂದ ಅದಕ್ಕೆ ಅನುಮತಿ ಇದೆ. ಹೂಳುವುದೇ ಮೇಲು ಅನ್ನುತ್ತಾರೆ, ಅಷ್ಟೇ. ಬೂದಿಯನ್ನು ಚೆಲ್ಲಬಾರದು, ಸ್ಮಶಾನದಂಥ ಪವಿತ್ರ ಜಾಗದಲ್ಲಿ ಇಡಬೇಕು ಅಂತ 2016ರಲ್ಲಿ ಸೂಚನೆ ಬಂತು. ಬೂದಿ ಇನ್ನೂ ಮನೆಯಲ್ಲೇ ಇದ್ದರೆ ಗುರುಗಳ ಜೊತೆ ಮಾತಾಡಿ ಒಂದು ಜಾಗ ಮಾಡಿ.

ಅವನ ಜೊತೆ ಮನಸ್ಸಿನಲ್ಲೇ ಮಾತಾಡುವುದು ತಪ್ಪಲ್ಲ. ಪ್ರೇಷಿತರ ವಿಶ್ವಾಸ ಪ್ರಮಾಣದಲ್ಲಿ ‘ಸಂತರ ಅನ್ಯೋನ್ಯತೆ’ ಅಂತ ಹೇಳುತ್ತೇವಲ್ಲ, ಇದೇ ಅದು. ಇಲ್ಲಿರುವವರು, ಶುದ್ಧರಾಗುತ್ತಿರುವವರು, ಸ್ವರ್ಗದಲ್ಲಿರುವವರು ಎಲ್ಲ ಒಂದೇ ಕುಟುಂಬ. ನಾವು ಮೃತರಿಗಾಗಿ ಮಾಡುವ ಪ್ರಾರ್ಥನೆ ಅವರಿಗೆ ಸಹಾಯ ಮಾಡುವುದಷ್ಟೇ ಅಲ್ಲ, ಅವರು ನಮಗಾಗಿ ಮಾಡುವ ಬೇಡಿಕೆಗೂ ಬಲ ಕೊಡುತ್ತದೆ ಅಂತ ಧರ್ಮೋಪದೇಶ ಗ್ರಂಥದ 958ನೇ ಸಂಖ್ಯೆಯಲ್ಲಿದೆ. ನನಗಾಗಿ ಪ್ರಾರ್ಥಿಸು ಕಣೋ ಅಂತ ಅವನನ್ನು ಕೇಳಿಕೊಳ್ಳಿ. ಒಂದು ಗೆರೆ ಮಾತ್ರ ದಾಟಬೇಡಿ. ಸತ್ತವರನ್ನು ಕರೆಸುತ್ತೇನೆ, ಅವರಿಂದ ಉತ್ತರ ಕೊಡಿಸುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ. ದುಃಖದಲ್ಲಿರುವವರನ್ನು ಹುಡುಕಿಕೊಂಡು ಇಂಥವರು ಬರುತ್ತಾರೆ. ಧರ್ಮಸಭೆ ಅದನ್ನು ಪೂರ್ತಿ ನಿಷೇಧಿಸಿದೆ.

‘ಅವನು ದೇವದೂತನಾದ’ ಅಂತಲೂ ಯಾರಾದರೂ ಹೇಳಬಹುದು. ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ನಮ್ಮ ವಿಶ್ವಾಸ ಇದಕ್ಕಿಂತ ದೊಡ್ಡದನ್ನು ಕೊಡುತ್ತದೆ. ಮನುಷ್ಯರು ದೇವದೂತರಾಗುವುದಿಲ್ಲ, ದೇಹ ಸಮೇತ ಎದ್ದು ಬರುತ್ತಾರೆ. ಪುನರುತ್ಥಾನರಾದ ಯೇಸುವನ್ನು ಮಗ್ದಲದ ಮರಿಯಳು ಮೊದಲು ಗುರುತೇ ಹಿಡಿಯಲಿಲ್ಲ, ತೋಟದವನು ಅಂದುಕೊಂಡಳು. ‘ಮರಿಯಾ’ ಅಂತ ಕರೆದಾಗ ಗೊತ್ತಾಯಿತು. ಅದೇ ದನಿ, ಕರೆಯುವ ಅದೇ ರೀತಿ. ಗಾಯದ ಗುರುತುಗಳು ಕೂಡ ಹಾಗೇ ಇದ್ದವು. ಅಂದರೆ ನಿಮಗೆ ಮತ್ತೆ ಸಿಗುವವನು ಯಾವುದೋ ಬೆಳಕಿನ ಆಕಾರ ಅಲ್ಲ. ನಿಮ್ಮ ಹೆಸರನ್ನು ಅವನು ಹೇಗೆ ಕರೆಯುತ್ತಿದ್ದನೋ ಹಾಗೇ ಕರೆಯುವವನು. ಬೇರೆ ಎಲ್ಲ ಸಮಾಧಾನಗಳಿಗಿಂತ ನಾನು ಇದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಕೊನೆಗೆ ಅವನ ತಾಯಿ. ಅವರಿಗೆ ಮೇಲೆ ಬರೆದಿದ್ದು ಯಾವುದನ್ನೂ ಹೇಳಬೇಡಿ, ಈಗಲೇ ಅಂತೂ ಬೇಡ. ಮಗನನ್ನು ಕಳೆದುಕೊಂಡವರಿಗೆ ದೇವಶಾಸ್ತ್ರ ಕಿವಿಗೆ ಹೋಗುವುದಿಲ್ಲ. ಅವರು ಪ್ರಾರ್ಥನೆ ನಿಲ್ಲಿಸಿದ್ದಕ್ಕೆ ಗಾಬರಿಯಾಗಬೇಡಿ. ‘ನೀವು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ’ ಅಂತ ಲಾಜರನ ಅಕ್ಕ ಮಾರ್ತ ಯೇಸುವಿನ ಮುಖಕ್ಕೇ ಹೇಳಿದಳು, ಅವರು ಗದರಲಿಲ್ಲ. 88ನೇ ಕೀರ್ತನೆ ಶುರುವಿನಿಂದ ಕೊನೆಯವರೆಗೂ ದೂರು, ಕತ್ತಲೆ ಅನ್ನುವಲ್ಲಿಗೇ ಮುಗಿಯುತ್ತದೆ, ಆದರೂ ಅದು ಬೈಬಲಿನಲ್ಲಿದೆ. ಆ ತಾಯಿಯ ಮೌನವನ್ನೂ ದೇವರು ಕೇಳಿಸಿಕೊಳ್ಳುತ್ತಾನೆ. ಅವರಿಂದ ಆಗದಿರುವಾಗ ಅವರ ಪಾಲಿನ ಪ್ರಾರ್ಥನೆಯನ್ನು ನೀವು ಮಾಡಿ.

ಸುಮ್ನೆ ಅವರ ಮನೆಗೆ ಹೋಗಿ ಕೂತುಕೊಳ್ಳಿ. ಅವನ ಹೆಸರು ಎತ್ತಿದರೆ ಅವರಿಗೆ ನೋವಾಗುತ್ತದೆ ಅಂತ ಜನ ಮಾತು ತಪ್ಪಿಸುತ್ತಾರೆ. ನೀವು ತಪ್ಪಿಸಬೇಡಿ. ಅವನು ಚಿಕ್ಕವನಿದ್ದಾಗ ಹೇಗಿದ್ದ ಅಂತ ಕೇಳಿ. ನಿಮಗೆ ಗೊತ್ತಿರುವ, ಅವರಿಗೆ ಗೊತ್ತಿಲ್ಲದ ಅವನ ಒಂದೆರಡು ಕಥೆ ಹೇಳಿ. ಹೊರಡುವಾಗ, ಇಂಥ ದಿನ ಅವನ ಹೆಸರಲ್ಲಿ ಪೂಜೆ ಇದೆ ಅಮ್ಮ, ಬರುವುದಾದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಅನ್ನಿ. ಬರಲ್ಲ ಅಂದರೆ ಒತ್ತಾಯ ಬೇಡ. ಪೂಜೆ ಮುಗಿಸಿಕೊಂಡು ನೇರ ಅವರ ಮನೆಗೇ ಹೋಗಿ.